ಖಾಜಾ ಭಾಯಿಯ ಒಣ ದೋಣಿ

ನಿವೃತ್ತಿ ತೆಗೆದುಕೊಂಡು ಮನೆಯಲ್ಲಿ ಕೂತ ಮೇಲೆ ಸಿಕ್ಕವರೆಲ್ಲ ಕೇಳುವುದು ಒಂದೇ ಮಾತು. "ಕಡೀಕ ಏನಾಗಿ ರಿಟೈರ್ ಆದ್ರಿ?" ಫೋರ್‌ಮನ್ ಆಗಿ ಆದೆ. ಫೋರ್‌ಮನ್ ಆದ ದಿನ ಪೇಢಾ ಹಂಚಿದೆ, ಮರುದಿನ ಮತ್ತೆ ಅದೇ ಗ್ರೀಸು, ಅದೇ ಕಪ್ಪು ಉಗುರು. ಅದರ ಬಗ್ಗೆ ಬರೆಯಲು ಇನ್ನೇನೂ ಇಲ್ಲ, ಮುಗಿಯಿತು.

ಮೊಣಕಾಲು ಕೈಕೊಟ್ಟಿದ್ದರಿಂದ ಅವಧಿಗಿಂತ ಮುಂಚೆ ಬಿಟ್ಟು ಬಂದೆ. ಈಗ ಮೊಬೈಲು ಹಿಡಿದು ಹಳೆಯ ಕಥೆ ಬರೆಯುತ್ತೇನೆ. ಸರ್ಕಾರಿ ವರ್ಕ್‌ಶಾಪುಗಳಿಗೆ ಹೊಸದಾಗಿ ಸೇರಿದವರು ಕಥೆಯ ಕೆಳಗೆ ಕಮೆಂಟಿನಲ್ಲಿ ಬಂದು "ಅಂಕಲ್, ಈ ಕೆಲಸ ಹೆಂಗಿರ್ತದ?" ಎಂದು ಕೇಳುತ್ತಾರೆ. ಹೆಂಗಿರುತ್ತದೆ ಎಂದರೆ, ಗಾಡಿ ಕೆಟ್ಟಾಗ ನಿಮ್ಮ ಹೆಸರು, ಓಡಿದಾಗ ಸಾಹೇಬರ ಹೆಸರು. ಇದು ಗೊತ್ತಿದ್ದರೆ ಉಳಿದದ್ದು ಸುಲಭ.

ನಾನು ಸಂತಪುರದವನು. ನಮ್ಮ ಕಡೆ ಟ್ರ್ಯಾಕ್ಟರು, ಪಂಪ್‌ಸೆಟ್ಟು ಬಿಟ್ಟರೆ ಬೇರೆ ಎಂಜಿನ್ ಇಲ್ಲ. ಕೈ ಪಳಗಿದ್ದು ಔರಾದಿನಲ್ಲಿ, ನೀರಾವರಿ ಇಲಾಖೆಯ ಜೀಪುಗಳ ಕೆಳಗೆ ಮಲಗಿ. ಅಲ್ಲಿ ಒಬ್ಬ ಸಾಹೇಬರಿದ್ದರು. ಜೀಪಿನ ಬ್ರೇಕು ಎರಡು ಸಲ ತುಳಿದ ಮೇಲೆ ಹಿಡಿಯುತ್ತಿತ್ತು. ಅವರು ನನ್ನನ್ನು ಕರೆದು, "ಪ್ರಕಾಶ, ಹಾರ್ನ್ ಜೋರ್ ಮಾಡು" ಎಂದರು. "ಸಾಹೇಬ್ರ, ಬ್ರೇಕ್ ಮೊದಲ ಮಾಡ್ತೇನ್ರಿ" ಎಂದೆ. "ಹಾರ್ನ್ ಜೋರ್ ಇದ್ರ ಮಂದಿ ತಾವಾ ಸರೀತಾರ, ಬ್ರೇಕ್ ಯಾಕ ಬೇಕು?" ಎಂದರು. ನಾನು ಎರಡೂ ಮಾಡಿದೆ. ಮರುದಿನ ಡ್ರೈವರ್ ಬ್ರೇಕ್ ತುಳಿದ. ಜೀಪು ನಿಂತಿತು, ಸಾಹೇಬರ ಕೈಯಲ್ಲಿದ್ದ ಚಹಾ ನಿಲ್ಲಲಿಲ್ಲ. ವಾರವಿಡೀ ಬೈಸಿಕೊಂಡೆ. ಸರಿಯಾಗಿ ಕೆಲಸ ಮಾಡಿ ಬೈಸಿಕೊಂಡದ್ದು ಅದೇ ಮೊದಲು, ಆಮೇಲೆ ರೂಢಿಯಾಯಿತು.

ಆಗೆಲ್ಲ ಎಂಜಿನ್ ನೋಡುವ ರೀತಿಯೇ ಬೇರೆ. ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಎಂಜಿನ್ನಿಗೆ ಹಚ್ಚಿ, ಹಿಡಿಯನ್ನು ಕಿವಿಗಿಟ್ಟು ಕೇಳುತ್ತಿದ್ದೆವು. ಈಗ ವೈರು ಚುಚ್ಚಿದರೆ ಪರದೆಯ ಮೇಲೆ ರೋಗದ ಹೆಸರು ಬರುತ್ತದೆ. ಹಳೆಯದೇ ಒಳ್ಳೆಯದು ಎಂದು ನಾನು ಹೇಳುವುದಿಲ್ಲ. ನನ್ನ ಬಲಗಿವಿ ಮಂದವಾಗಿದ್ದು ಆ ಸ್ಕ್ರೂಡ್ರೈವರಿನಿಂದಲೇ. ಆದರೆ ವೈರು ಚುಚ್ಚಲು ಜಾಗವೇ ಇಲ್ಲದ ಎಂಜಿನ್ ಒಂದು ದಿನ ನಿಮ್ಮ ಮುಂದೆ ಬಂದು ಕೂರುತ್ತದೆ. ನನ್ನ ಮುಂದೆ ಬಂದದ್ದು ದೋಣಿ.

ಬೀದರಿನ ವರ್ಕ್‌ಶಾಪಿನಲ್ಲಿದ್ದಾಗ ಒಂದು ಬೇಸಿಗೆಯಲ್ಲಿ ಹೊಸ ಇಂಜಿನಿಯರ್ ಮೇಡಂ ಕರೆದರು. ಮೈಸೂರಿನ ಕಡೆಯವರು. ನಮ್ಮ ಮಾತಿನ ಕೊನೆಗೆಲ್ಲ 'ರಿ' ಬರುವುದನ್ನು ಕೇಳಿ, ಇವರು ಗೌರವ ಕೊಡುತ್ತಿದ್ದಾರೋ ಜಗಳಕ್ಕೆ ಬರುತ್ತಿದ್ದಾರೋ ಎಂದು ಮೊದಲ ತಿಂಗಳು ಅವರಿಗೆ ತಿಳಿದಿರಲಿಲ್ಲವಂತೆ.

"ಪ್ರಕಾಶ್, ಭಾಲ್ಕಿ ಕಡೆ ಡ್ಯಾಮಿನ ಶೆಡ್ಡಲ್ಲಿ ಒಂದು ಮೋಟಾರ್ ಬೋಟ್ ಇದೆಯಂತೆ. ಎಷ್ಟು ವರ್ಷದಿಂದ ನಿಂತಿದೆ?"

"ನಾ ನೋಡಿಲ್ರಿ ಮೇಡಂ. ಇಲ್ಲಿ ಯಾರೂ ನೋಡಿಲ್ರಿ."

"ಅದಕ್ಕೊಬ್ಬ ಡ್ರೈವರ್ ಇದ್ದಾರೆ, ತಿಂಗಳು ತಿಂಗಳು ಸಂಬಳ ಹೋಗ್ತಾ ಇದೆ. ಬೋಟ್ ಓಡದೆ ಇದ್ದರೆ ಗುಜರಿಗೆ ಹಾಕ್ತೀನಿ, ಆ ಪೋಸ್ಟೂ ತೆಗೀತೀನಿ. ಓಡತ್ತೆ ಅಂದ್ರೆ ಮಳೆಗಾಲಕ್ಕೆ ಮುಂಚೆ ಓಡಿಸಿ ತೋರಿಸಿ."

ಅವರ ಮಾತಿನಲ್ಲಿ ತಪ್ಪಿರಲಿಲ್ಲ. ಮಳೆ ಬಿದ್ದು ಡ್ಯಾಮು ತುಂಬಿದರೆ ಕೊಚ್ಚಿಬಂದ ಮರ, ಜೊಂಡು ಗೇಟಿಗೆ ಸಿಕ್ಕಿಕೊಳ್ಳುತ್ತವೆ. ಬಿಡಿಸಲು ನೀರಿನ ಕಡೆಯಿಂದಲೇ ಹೋಗಬೇಕು. ಆ ಕೆಲಸಕ್ಕೆಂದೇ ತಂದ ದೋಣಿ ಅದು.

ನಾನು ಬೈಕ್ ಹತ್ತಿ ಭಾಲ್ಕಿ ದಾಟಿ ಡ್ಯಾಮಿಗೆ ಹೋದೆ. ಶೆಡ್ಡಿನ ಮುಂದೆ ಖುರ್ಚಿ ಹಾಕಿಕೊಂಡು ಕೂತಿದ್ದವರೇ ದೋಣಿಯ ಡ್ರೈವರ್ ಖಾಜಾ ಭಾಯಿ. ನನಗಿಂತ ಆರೇಳು ವರ್ಷ ದೊಡ್ಡವರು, ಪಕ್ಕದ ಹಲಬರ್ಗಾದವರು. ಇಸ್ತ್ರಿ ಮಾಡಿದ ಬಿಳಿ ಸಮವಸ್ತ್ರ, ಹೊಳೆಯುವ ಬೂಟು. ಡ್ಯಾಮಿನ ನೀರು ತಳ ಕಂಡ ಒಂದು ವರ್ಷ ದೋಣಿಯನ್ನು ಮೇಲೆ ಎಳೆದಿಟ್ಟಿದ್ದರು. ನೀರು ಮತ್ತೆ ಬಂತು, ದೋಣಿಯನ್ನು ಇಳಿಸಬೇಕೆಂಬ ನೆನಪು ಯಾರಿಗೂ ಬರಲಿಲ್ಲ. ಖಾಜಾ ಭಾಯಿ ಮಾತ್ರ ದಿನಾ ಬಂದು ಅದರ ಮುಂದೆ ಕೂರುತ್ತಿದ್ದರು. ಊರವರು ಅವರಿಗೆ 'ಸೂಖಾ ಕಪ್ತಾನ' ಎಂದು ಹೆಸರಿಟ್ಟಿದ್ದರು, ನೀರಿಲ್ಲದ ಒಣ ಕಪ್ತಾನ.

ಬಾಗಿಲು ತೆರೆದರು. ನಾನು ತುಕ್ಕು ಹಿಡಿದ ಡಬ್ಬಿ ನೋಡಲು ಹೋಗಿದ್ದೆ, ಕಂಡದ್ದು ಮದುಮಗಳು. ಕಬ್ಬಿಣದ ದೋಣಿ, ಮೇಲಿನಿಂದ ಕೆಳತನಕ ಮಿರಿಮಿರಿ ಮಿಂಚುವ ಕೆಂಪು ಬಣ್ಣ. ಮೂತಿಗೆ ಅರಿಶಿನ ಕುಂಕುಮ, ಹಿಂದೆ ನೀರು ತಳ್ಳುವ ಫ್ಯಾನಿಗೆ ಒಣಗಿದ ಲಿಂಬೆಹಣ್ಣು ಮೆಣಸಿನಕಾಯಿ.

"ಇದೇನ್ರಿ ಖಾಜಾ ಭಾಯ್, ಇದು ನಿಂತ ಗಾಡಿ ಅನ್ಸೂದೇ ಇಲ್ಲಲ್ರಿ."

"ಹ್ಯಾಂಗ ಅನಸ್ತದ? ಪ್ರತಿ ವರ್ಷ ದಸರಾದ ಖಂಡೇ ಪೂಜಾಕ್ಕ ಬಣ್ಣ ಹಚ್ತೇನ್ರಿ, ನನ್ನ ಕೈಲೇ. ವಾಚ್‌ಮನ್ ಕಾಯಿ ಒಡೀತಾನ, ನಾ ಎಂಜಿನ್ ಚಾಲೂ ಮಾಡಿ ನಾಕು ಸಲ ರೇಸ್ ಕೊಡ್ತಿದ್ದೆ. ಗದ್ದಲಕ್ಕ ಶೆಡ್ಡಿನ ಪಾರಿವಾಳ ಎಲ್ಲಾ ಹಾರ್ತಿದ್ದವು."

"ಕೊಡ್ತಿದ್ದೆ ಅಂದ್ರ?"

"ಒಂದು ವರ್ಷ ಏಳ್ಲಿಲ್ರಿ. ಆಮ್ಯಾಲ ಬರೇ ಹಾರ್ನ್ ಹೊಡದು ಮುಗ್ಸಿದ್ವಿ. ಬ್ಯಾಟರಿ ಸತ್ತ ಮ್ಯಾಲ ಬಾಯಿಲೇ ಭೋಂ ಅಂದ್ವಿ."

ನಾನು ನಗಲಿಲ್ಲ, ಯಾಕೆಂದರೆ ಅವರು ನಗುತ್ತಿರಲಿಲ್ಲ.

ದೋಣಿಯ ಎಂಜಿನ್ ಒಳಗಡೆ, ನಡುವೆ ಕೂತಿರುತ್ತದೆ. ಮುಚ್ಚಳ ತೆಗೆದು ನೋಡಿದರೆ ನನ್ನ ಹಳೆಯ ಗೆಳೆಯ, ಟ್ರ್ಯಾಕ್ಟರಿನದೇ ಡೀಸೆಲ್ ಎಂಜಿನ್. ಆದರೆ ರೇಡಿಯೇಟರ್ ಇಲ್ಲ. ದೋಣಿಯ ಸುತ್ತ ಬೇಕಾದಷ್ಟು ನೀರಿರುವಾಗ ರೇಡಿಯೇಟರ್ ಯಾಕೆ? ತಳದ ಒಂದು ತೂತಿನಿಂದ ಪಂಪು ಡ್ಯಾಮಿನ ನೀರನ್ನೇ ಎಳೆದು, ಎಂಜಿನ್ನಿನ ಸುತ್ತ ಓಡಿಸಿ, ಹೊಗೆಯ ಜೊತೆ ಹಿಂದೆ ಉಗುಳುತ್ತದೆ. ಆ ಪಂಪಿನೊಳಗೆ ರಬ್ಬರಿನ ಚಕ್ರ ಇರುತ್ತದೆ, ಸೇವಂತಿಗೆಯ ಹಾಗೆ ಎಸಳುಗಳಿರುವಂಥದ್ದು. ನೀರಿದ್ದರೆ ಅದು ವರ್ಷಗಟ್ಟಲೆ ಬಾಳುತ್ತದೆ. ನೀರಿಲ್ಲದೆ ತಿರುಗಿದರೆ ಚಹಾ ಕುಡಿಯುವಷ್ಟರಲ್ಲಿ ಸುಟ್ಟು ಪುಡಿಯಾಗುತ್ತದೆ. ಖಾಜಾ ಭಾಯಿ ಅದನ್ನು ಪ್ರತಿ ದಸರೆಗೆ ಒಣ ನೆಲದ ಮೇಲೆ ನಾಲ್ಕು ಸಲ ರೇಸ್ ಕೊಟ್ಟು ಓಡಿಸಿದ್ದರು. ಪಂಪು ಬಿಚ್ಚಿದಾಗ ಎಸಳು ಒಂದೂ ಇರಲಿಲ್ಲ, ಕರಿ ಪುಡಿ ಮಾತ್ರ ಉಳಿದಿತ್ತು.

"ಪೂಜಾ ಮಾಡಿ ಮಾಡೇ ಕೊಂದೀರ್ರಿ ಇದನ್ನ" ಎಂದೆ.

"ಅರೆ, ಪೂಜಾ ಮಾಡಿದ್ದಕ್ಕೇ ಇಲ್ಲಿತನಕ ಉಳದದರಿ" ಎಂದರು.

ನಾನು ಕರಿ ಪುಡಿ ಒರೆಸಿ ಸ್ಪ್ಯಾನರ್ ಎತ್ತಿಕೊಂಡೆ.

ಕೆಲಸ ಶುರುವಾಯಿತು. ನೀವು ಎಂದಾದರೂ ವರ್ಷಗಟ್ಟಲೆ ನಿಂತ ಎಂಜಿನ್ ಮುಟ್ಟುವುದಾದರೆ ಇದೊಂದು ಕೇಳಿ: ಚಾಲೂ ಮಾಡಲು ಮಾತ್ರ ಅವಸರ ಮಾಡಬೇಡಿ. ಮೊದಲು ಟ್ಯಾಂಕು. ನಮ್ಮದರಲ್ಲಿದ್ದ ಡೀಸೆಲ್ ಕಾಕಂಬಿಯಾಗಿತ್ತು, ಸೌಟಿನಿಂದ ತೆಗೆದೆವು. ಹೊಗೆಯ ಕೊಳವೆಯಲ್ಲಿ ಇಲಿಗಳು ಸಂಸಾರ ಹೂಡಿದ್ದವು. ಒಳಗೆ ಪಿಸ್ಟನ್ನುಗಳು ಗೋಡೆಗೆ ಅಂಟಿ ಕೂತಿದ್ದವು. ಮೇಲಿನ ತೂತುಗಳಿಂದ ಡೀಸೆಲ್ಲು ಆಯಿಲ್ಲು ಬೆರೆಸಿ ಹೊಯ್ದು, ಸುಮ್ಮನೆ ಬಿಟ್ಟು, ಬಿಟ್ಟು, ರಾಡು ಹಾಕಿ ಎಳೆದು ನೋಡುತ್ತಿದ್ದೆ. ಕೊನೆಗೊಂದು ಮಧ್ಯಾಹ್ನ ಕೂದಲೆಳೆಯಷ್ಟು ಜರುಗಿತು. ಖಾಜಾ ಭಾಯಿ ಅಲ್ಲೇ ಕೂತು, "ಹಲ್ಯಾಡ್ತದ, ಹಲ್ಯಾಡ್ತದ" ಎಂದು ಮೆಲ್ಲಗೆ ಹೇಳಿದರು, ಮಲಗಿದ ಕೂಸು ಎದ್ದೀತು ಎನ್ನುವ ಹಾಗೆ.

ಫ್ಯಾನಿನ ಕಂಬಿ ದೋಣಿಯ ಹೊಟ್ಟೆ ತೂರಿ ಹೊರಗೆ ಹೋಗುವ ಕಡೆ ನೀರು ಸೋರದಂತೆ ಗ್ರೀಸು ಹಚ್ಚಿದ ದಾರ ಸುತ್ತಿರುತ್ತಾರೆ. ಅದು ಒಣಗಿ ನಾರಾಗಿತ್ತು. ದೋಣಿಯ ಸಾಮಾನು ಭಾಲ್ಕಿಯಲ್ಲಿ ಎಲ್ಲಿ ಸಿಗಬೇಕು? ಆದರೆ ಬಾವಿಯ ಪಂಪ್‌ಸೆಟ್ಟಿಗೂ ಅದೇ ದಾರ. ಅಂಗಡಿಯವನು, "ಎಷ್ಟು ಎಚ್‌ಪಿ ಪಂಪ್ರಿ?" ಎಂದ. "ದೋಣಿಗಿ ಬೇಕಾಗ್ಯಾದ" ಎಂದೆ. ಅವನು ನನ್ನ ಮುಖ ನೋಡಿ, "ಉದ್ದರಿ ಕೇಳ್ಲಾಕ ಹಿಂಗೆಲ್ಲಾ ಹೇಳಬ್ಯಾಡ್ರಿ" ಎಂದ. ರಬ್ಬರಿನ ಚಕ್ರ ಮಾತ್ರ ಹೈದರಾಬಾದಿನಿಂದಲೇ ಬರಬೇಕಾಯಿತು. ಅಲ್ಲಿನ ಅಂಗಡಿಯವರು ಬಸ್ ಕಂಡಕ್ಟರನ ಕೈಗೆ ಕೊಟ್ಟರು, ನಾನು ಬೀದರ್ ಬಸ್ ಸ್ಟ್ಯಾಂಡಿನಲ್ಲಿ ನಿಂತು ಇಳಿಸಿಕೊಂಡೆ. ಕಂಡಕ್ಟರ್ ಅದನ್ನು ಮಿಕ್ಸರಿನ ಭಾಗ ಅಂದುಕೊಂಡಿದ್ದ.

ಎಲ್ಲ ಜೋಡಿಸಿದ ಮೇಲೆ ಶೆಡ್ಡಿನಲ್ಲೇ ಓಡಿಸಿ ನೋಡಿದೆವು. ಈ ಸಲ ನೀರಿಲ್ಲದೆ ಅಲ್ಲ. ತಳದ ತೂತಿಗೆ ಹೋಗುವ ಪೈಪನ್ನು ಬಿಚ್ಚಿ, ನೀರು ತುಂಬಿದ ಡ್ರಮ್ಮಿಗೆ ಅದ್ದಿದೆ. ಎಂಜಿನ್ ಎರಡು ಸಲ ಕೆಮ್ಮಿತು, ಶೆಡ್ಡೆಲ್ಲ ಬಿಳಿ ಹೊಗೆ ಕಕ್ಕಿ ಎದ್ದಿತು. ಹಿಂದಿನಿಂದ ನೀರು ಉಗುಳುತ್ತ ತಣ್ಣಗೆ ಓಡಿತು. ಕೈಯಿಟ್ಟು ನೋಡಿದೆ, ಕುಡಿಯುವ ಹಾಲಿನಷ್ಟು ಬೆಚ್ಚಗೆ. ನಾನು ಆ ಸಂಜೆ ಮೇಡಮ್ಮಿಗೆ ಫೋನ್ ಮಾಡಿ, "ಆಯ್ತ್ರಿ, ಬರ್ರಿ" ಎಂದೆ. ಇದಕ್ಕಿಂತ ದೊಡ್ಡ ಗಡಿಬಿಡಿ ಕೆಲಸ ನಾನು ಮಾಡಿಲ್ಲ. ಅವರು ಸೋಮವಾರ ಬರುತ್ತೇನೆ ಎಂದರು.

ಪೈಪನ್ನು ತಿರುಗಿ ತಳಕ್ಕೆ ಜೋಡಿಸಿ, ಅಲ್ಲಿನ ವಾಲ್ವು ತೆರೆದಿಟ್ಟು, ಮರುದಿನ ಟ್ರ್ಯಾಕ್ಟರಿನಿಂದ ದೋಣಿಯನ್ನು ನೀರಿಗೆ ಇಳಿಸಿದೆವು. ನಾನೂ ಖಾಜಾ ಭಾಯಿಯೂ ಹತ್ತಿದೆವು. ಅವರು ಸ್ಟೇರಿಂಗ್ ಹಿಡಿದು ನಿಂತ ಠೀವಿ ನೋಡಿದರೆ ಸಮುದ್ರ ದಾಟಿಸುವ ಹಾಗಿತ್ತು. ದಂಡೆ ಹಿಂದೆ ಸರಿಯಿತು, ನಡುನೀರಿಗೆ ಬಂದೆವು, ಎಂಜಿನ್ನಿನಿಂದ ಹಬೆ ಎದ್ದಿತು. ಮುಟ್ಟಲು ಹೋಗಿ ಕೈ ಸುಟ್ಟುಕೊಂಡೆ. ಬಂದ್ ಮಾಡಿದೆವು. ಆಮೇಲೆ ಗಾಳಿಯೇ ಗತಿ.

ಥರ್ಮಾಕೋಲಿನ ತೆಪ್ಪದ ಮೇಲೆ ಮೀನು ಹಿಡಿಯುತ್ತಿದ್ದವನೊಬ್ಬ ಕೈಯಿಂದ ಹುಟ್ಟು ಹಾಕುತ್ತ ಹತ್ತಿರ ಬಂದ.

"ಕಪ್ತಾನ್ ಸಾಬ್, ಅದು ನಿಮ್ಮನ್ನ ಒಯ್ಬೇಕೋ, ನೀವು ಅದನ್ನ ಒಯ್ಬೇಕೋ?"

"ಬಾಯಿ ಮುಚ್ಚಿ ಹಗ್ಗ ಹಿಡಿ" ಎಂದರು ಖಾಜಾ ಭಾಯಿ.

ಅವನ ಥರ್ಮಾಕೋಲು ನಮ್ಮ ಕಬ್ಬಿಣವನ್ನು ಎಳೆದುಕೊಂಡು ಬಂತು. ದಂಡೆಯಲ್ಲಿ ಹಲಬರ್ಗಾದ ಅರ್ಧ ಊರು ನಿಂತಿತ್ತು, ಉಳಿದರ್ಧ ಬರುತ್ತಿತ್ತು.

ಮುಂದಿನ ದಿನಗಳು ಹೇಗೆ ಹೋದವು ಎಂದು ನೆನೆದರೆ ಈಗಲೂ ಬೆನ್ನು ನೋಯುತ್ತದೆ. ಹೊಸ ಚಕ್ರ ಬಿಚ್ಚಿದೆ, ಡ್ರಮ್ಮಿನ ನೀರು ಒಳಗೆ ಉಳಿದು ಇನ್ನೂ ಒದ್ದೆಯಿತ್ತು, ಎಸಳೆಲ್ಲ ಸರಿಯಿದ್ದವು. ಎಂಜಿನ್ನಿನ ತಲೆ ಎತ್ತಿ ಗ್ಯಾಸ್ಕೆಟ್ ಬದಲಿಸಿದೆ, ಮತ್ತೆ ನೀರಿಗಿಳಿಸಿ ಚಾಲೂ ಮಾಡಿದರೆ ಮತ್ತೆ ಹಬೆ. ಇನ್ನೊಮ್ಮೆ ತಲೆ ಎತ್ತಿದೆ. ವರ್ಕ್‌ಶಾಪಿನ ಗೆಳೆಯರಿಗೆ ಫೋನ್ ಮಾಡಿದರೆ ಒಬ್ಬೊಬ್ಬರದು ಒಂದೊಂದು ವೈದ್ಯ. ಶನಿವಾರ ಮಧ್ಯಾಹ್ನ, ದಂಡೆಗೆ ಕಟ್ಟಿ ನೀರಲ್ಲಿ ನಿಲ್ಲಿಸಿದ ದೋಣಿಯ ಅಂಚಿನ ಮೇಲೆ ಕೂತು ನಾನು ಹೇಳಿಬಿಟ್ಟೆ: "ಖಾಜಾ ಭಾಯ್, ಇದು ಆಗೂದಿಲ್ರಿ. ಮೇಡಮ್‌ಗಿ ಬ್ಯಾಡ ಅಂತ ಹೇಳಿಬಿಡ್ತೇನಿ."

ಅವರು ಬುತ್ತಿ ಬಿಚ್ಚಿ ಜೋಳದ ರೊಟ್ಟಿಯ ಮೇಲೆ ಝುಣಕ ಹಾಕಿ ನನ್ನ ಕೈಗೆ ಕೊಟ್ಟರು.

"ಹೇಳ್ರಿ. ನಂಗ ಬೀದರಿಗಿ ಹಾಕ್ತಾರಂತ, ಆಫೀಸಿನ್ಯಾಗ ಚಪರಾಶಿ. ಪಗಾರ ಅಷ್ಟೇ ಇರ್ತದಂತ, ಅದಕ್ಕೇನಿಲ್ಲ. ಆದ್ರ ಪ್ರಕಾಶ ಭಾಯ್, ಮಂದಿ ಸೂಖಾ ಕಪ್ತಾನ ಅಂದ್ರೂ ಕಪ್ತಾನ ಅಂತಿದ್ರು. ನಾಳಿ ಬೆಲ್ ಹೊಡದ್ರ ಓಡಿ ಹೋಗಿ ಚಾ ತರ್ಬೇಕು. ಈ ವಯಸ್ಸಿನ್ಯಾಗ ಕಲಿಯೂದು ಅಂದ್ರ..."

ಮಾತು ಮುಗಿಸದೆ ರೊಟ್ಟಿ ಮುರಿದರು. ನನಗೆ ಸಿಟ್ಟು ಬಂತು. ದೋಣಿಯ ಮೇಲೆ ಸಿಟ್ಟು. ಶೆಡ್ಡಿನಲ್ಲಿ ಅಷ್ಟು ತಣ್ಣಗೆ ಓಡಿದ್ದು ನೀರಿಗೆ ಇಳಿದ ಕೂಡಲೇ ಯಾಕೆ ಹೀಗೆ? ಅದೇ ಎಂಜಿನ್, ಅದೇ ಪಂಪು, ಅದೇ ಚಕ್ರ. ಬೇರೆ ಏನು? ಶೆಡ್ಡಿನಲ್ಲಿ ಪೈಪು ಡ್ರಮ್ಮಿನಲ್ಲಿತ್ತು. ಇಲ್ಲಿ ತಳದ ತೂತಿಗೆ ಸೇರಿದೆ. ಬೇರೆ ಇರುವುದು ಅದೊಂದೇ.

ರೊಟ್ಟಿ ಕೆಳಗಿಟ್ಟು ಒಳಗೆ ಬಗ್ಗಿದೆ. ವಾಲ್ವು ತೆರೆದೇ ಇತ್ತು. ಪೈಪಿನ ಕ್ಲಿಪ್ಪು ಸಡಿಲಿಸಿ ಎಳೆದೆ. ದೋಣಿ ನೀರಿನ ಮೇಲೆ ನಿಂತಿದೆ, ತಳದ ವಾಲ್ವು ತೆರೆದಿದೆ, ಪೈಪು ಕೈಯಲ್ಲಿದೆ. ಲೆಕ್ಕದ ಪ್ರಕಾರ ಕಾರಂಜಿ ಚಿಮ್ಮಿ ನನ್ನ ಮುಖ ತೊಳೆಯಬೇಕು. ಒಂದು ಹನಿ ಬರಲಿಲ್ಲ.

"ಖಾಜಾ ಭಾಯ್, ನೀರು ಒಳಗ ಬರ್ಲಾಕತ್ತಿಲ್ಲ."

"ಛಲೋ ಆತಲ್ರಿ. ದೋಣ್ಯಾಗ ನೀರು ಬರಬಾರ್ದು."

"ಇಲ್ಲಿ ಬರಬೇಕ್ರಿ. ತಳದಾಗ ಜಾಳಿಗಿ ಅದಲಾ, ನೀರು ಎಳಕೊಳ್ಳೂದು, ಅದಕ್ಕ ಬಣ್ಣ ಹಚ್ತಿದ್ರೇನು?"

ಖಾಜಾ ಭಾಯಿಯ ಮುಖ ಬಿಳಿಚಿತು. "ಯಾವ ಜಾಳಿಗಿ?"

ಪ್ರತಿ ದಸರೆಗೆ ನೆಲದ ಮೇಲೆ ಅಂಗಾತ ಮಲಗಿ, ಒಂದಿಂಚೂ ಬಿಡದೆ, ಆ ಮನುಷ್ಯ ದೋಣಿಯ ಹೊಟ್ಟೆಗೆ ಕೆಂಪು ಬಣ್ಣ ಬಳಿದಿದ್ದರು. ಹಿಂದಿನ ವರ್ಷದ್ದರ ಮೇಲೆ ಈ ವರ್ಷದ್ದು. ಜಾಳಿಗೆಯ ತೂತುಗಳು ಮುಚ್ಚಿ, ಅದರ ಮೇಲೆ ಪದರ ಕೂತು, ಆ ಜಾಗ ಅಂಗೈಯಷ್ಟು ನುಣ್ಣಗಾಗಿತ್ತು. ಕೆಳಗೆ ಬಗ್ಗಿ ನೋಡಿದ್ದ ನನ್ನ ಕಣ್ಣಿಗೂ ಕಂಡದ್ದು ಬರೀ ಕೆಂಪು.

ಸಾಮಾನಿನ ಪೆಟ್ಟಿಗೆಯಲ್ಲಿ ಒಂದು ತೆಳು ಕಬ್ಬಿಣದ ಸರಳು ಸಿಕ್ಕಿತು. ವಾಲ್ವಿನ ಬಾಯೊಳಗೆ ಅದನ್ನು ಇಳಿಸಿ ಸುತ್ತಿಗೆ ಎತ್ತಿದೆ. ಖಾಜಾ ಭಾಯಿ ನನ್ನ ರಟ್ಟೆ ಹಿಡಿದುಕೊಂಡರು.

"ನೀರಾಗ ಕುಂತು ದೋಣಿಗಿ ತೂತು ಹೊಡೀತೀರೇನ್ರಿ?"

"ಕಂಪನಿಯವ್ರು ಹೊಡದ ತೂತು ಅದ. ನೀವು ಮುಚ್ಚೀರಿ, ನಾ ತಗೀತೇನಿ. ಕೈ ಬಿಡ್ರಿ."

ಬಿಡಲಿಲ್ಲ. ಹಾಗೇ ಹಿಡಿದುಕೊಂಡಿರುವಾಗಲೇ ಹೊಡೆದೆ. ಎರಡನೆಯದೋ ಮೂರನೆಯದೋ ಪೆಟ್ಟಿಗೆ ಸರಳು ಜಾರಿ ಕೆಳಗೆ ಹೋಯಿತು, ಅದರ ಸುತ್ತ ನೀರು ಮೇಲೆ ಚಿಮ್ಮಿ ಇಬ್ಬರ ಮುಖಕ್ಕೂ ಬಡಿಯಿತು. ಅದರಲ್ಲಿ ಕೆಂಪು ಚಕ್ಕೆಗಳು ತೇಲುತ್ತಿದ್ದವು. ದೋಣಿಯೊಳಗೆ ನೀರು ಬಂತೆಂದು ಇಬ್ಬರು ಗಂಡಸರು ತಬ್ಬಿಕೊಂಡದ್ದನ್ನು ನೀವು ಎಲ್ಲೂ ನೋಡಿರಲಿಕ್ಕಿಲ್ಲ. ಸರಳು ಕಿತ್ತು ವಾಲ್ವು ಬಂದ್ ಮಾಡಬೇಕೆಂದು ನೆನಪಾದದ್ದು, ಬೂಟು ಮುಳುಗಿದ ಮೇಲೆ.

ಭಾನುವಾರ ದೋಣಿಯನ್ನು ಮೇಲೆಳೆದು ಜಾಳಿಗೆಯ ಒಂದೊಂದು ತೂತನ್ನೂ ಸಾಫ್ ಮಾಡಿ, ಮತ್ತೆ ಇಳಿಸಿ, ದಂಡೆಯ ಹತ್ತಿರವೇ ಸ್ವಲ್ಪ ಓಡಿಸಿದೆವು. ಬಿಸಿಯಾಗಲಿಲ್ಲ. ಆದರೆ ಬಿಸಿ ಎಂಜಿನ್ನನ್ನು ಬಂದ್ ಮಾಡಿ ಮತ್ತೆ ಎಬ್ಬಿಸಿ ನೋಡಿರಲಿಲ್ಲ. ಬ್ಯಾಟರಿ ವರ್ಕ್‌ಶಾಪಿನ ಹಳೆಯದು, ಒಂದು ಸಲ ಎಬ್ಬಿಸಿದರೆ ಎರಡನೇ ಸಲಕ್ಕೆ ನರಳುತ್ತಿತ್ತು. ಖಾಜಾ ಭಾಯಿಗೆ ಹೇಳಿದೆ, "ನಾಳಿ ಮೇಡಂ ಇದ್ದಾಗ ಬಂದ್ ಮಾತ್ರ ಮಾಡಬ್ಯಾಡ್ರಿ. ಇಲ್ಲೇ ಚಾಲೂ ಮಾಡಿ ಒಯ್ರಿ, ಇಲ್ಲೇ ತಂದು ಬಂದ್ ಮಾಡ್ರಿ." ತಲೆಯಾಡಿಸಿದರು.

ಸೋಮವಾರ ಮೇಡಂ ಬಂದರು. ಮೋಡ ಕಟ್ಟಿತ್ತು. ನಾನು ಹತ್ತಲು ಹೋದರೆ ತಡೆದರು.

"ನೀವು ದಡದಲ್ಲೇ ಇರಿ ಪ್ರಕಾಶ್. ಮಳೆಗಾಲದಲ್ಲಿ ಮೆಕ್ಯಾನಿಕ್‌ನ ಕೂರಿಸಿಕೊಂಡು ಓಡಾಡಕ್ಕೆ ಆಗಲ್ಲ. ನೀವಿಲ್ಲದೆ ಓಡತ್ತಾ ನೋಡಬೇಕು."

ಮೇಡಂ ತಾವೇ ಹತ್ತಿದರು, ದೋಣಿ ಹೊರಟಿತು. ಹಿಂದಿನಿಂದ ನೀರು ಉಗುಳುವುದು ಕಾಣುವವರೆಗೂ ನೋಡಿದೆ, ಆಮೇಲೆ ಸಪ್ಪಳ ಕೇಳಿದೆ. ಎಡಗಿವಿ ಅತ್ತ ತಿರುಗಿಸಿ ನಿಂತಿದ್ದೆ. ಸಪ್ಪಳ ಸರಿಯಿತ್ತು. ಗೇಟಿನ ಹತ್ತಿರ ಹೋಯಿತು, ತಿರುಗಿತು, ನಡುನೀರಿಗೆ ಬಂತು.

ಸಪ್ಪಳ ನಿಂತಿತು.

ಥರ್ಮಾಕೋಲಿನವನು ನನ್ನ ಪಕ್ಕದಲ್ಲೇ ಬಲೆ ಒಣಗಿಸುತ್ತಿದ್ದ. "ಹಗ್ಗ ತರ್ಲೇನ್ರಿ?" ಎಂದ. ದೋಣಿ ಬೆಂಕಿಪೊಟ್ಟಣದಷ್ಟು ಕಾಣುತ್ತಿತ್ತು. ಅದರೊಳಗೆ ಇಬ್ಬರು ಎದುರುಬದುರು ಕೂತಿದ್ದರು, ಯಾರ ಕೈಯೂ ಅಲ್ಲಾಡುತ್ತಿರಲಿಲ್ಲ. ಮೇಡಂ ವಾಪಸು ಬಂದು ಏನು ಬರೆಯುತ್ತಾರೆ ಎಂಬುದು ನನಗೆ ಗೊತ್ತಿತ್ತು. ಆಫೀಸಿನ ಬೆಲ್ಲು ಕಿವಿಯೊಳಗೇ ಹೊಡೆದ ಹಾಗಾಯಿತು. ಅವನು ಬಲೆ ಬಿಟ್ಟು ತೆಪ್ಪ ನೀರಿಗೆ ನೂಕಿದ.

ಅಷ್ಟರಲ್ಲಿ ಅಲ್ಲಿ ಒಂದು ಮೋಡದಷ್ಟು ಬಿಳಿ ಹೊಗೆ ಎದ್ದಿತು. ಅದರ ಹಿಂದೆಯೇ, ನೀರಿನ ಮೇಲೆ ಜಾರುತ್ತ, ಸಪ್ಪಳ ಬಂತು.

ದೋಣಿ ದಂಡೆಗೆ ತಾಗಿದ ಕೂಡಲೇ ನಾನು ಖಾಜಾ ಭಾಯಿಯ ಮೇಲೆ ಎಗರಿದೆ. "ಯಾಕ ಬಂದ್ ಬಿತ್ರಿ?"

"ಬಂದ್ ಬೀಳ್ಲಿಲ್ರಿ. ನಾನೇ ಮಾಡಿದೆ."

"ನೀವೇ?"

"ಮೇಡಂ ಕೇಳಿದ್ರು, ನಡು ನೀರಾಗ ನಿಂತ್ರ ಏನ್ಮಾಡ್ತೀರಿ ಅಂತ. ಬಾಯಿಲೇ ಹೇಳಿದ್ರ ನಂಬ್ತಾರೇನು? ಬಂದ್ ಮಾಡಿ ತೋರ್ಸಿದೆ."

"ಮತ್ತ ಏಳದಿದ್ರ?"

"ಏಳದಿದ್ರ ನನ್ನ ಕಪ್ತಾನಗಿರಿ ಹೋಗ್ತಿತ್ತು. ನಿಮ್ದೇನು ಹೋಗ್ತಿತ್ರಿ?"

ಮೇಡಂ ಲೈಫ್ ಜಾಕೆಟ್ಟಿನ ಪಟ್ಟಿ ಬಿಚ್ಚುತ್ತ ನಮ್ಮ ಜಗಳ ಕೇಳುತ್ತಿದ್ದರು. ಖಾಜಾ ಭಾಯಿ ಅವರ ಕಡೆ ತಿರುಗಿ, ನೆಟ್ಟಗೆ ನಿಂತು, ದೋಣಿಯ ಕೀಲಿಯನ್ನು ಎರಡೂ ಕೈಯಿಂದ ಮುಂದೆ ಹಿಡಿದರು.

"ನನಗ್ಯಾಕೆ ಕೊಡ್ತೀರಿ?" ಎಂದರು ಮೇಡಂ. "ನಾಳೆ ಗೇಟಿನ ಹತ್ರ ಜೊಂಡು ತೆಗೆಯಕ್ಕೆ ಹೋಗೋದು ನಾನಾ?"

ಅಷ್ಟು ಹೇಳಿ ಜೀಪು ಹತ್ತಿ ಹೋದರು. ಖಾಜಾ ಭಾಯಿ ಕೀಲಿಯನ್ನು ಪ್ಯಾಂಟಿನ ಜೇಬಿಗೆ ಹಾಕಿಕೊಂಡರು. ಮತ್ತೆ ತೆಗೆದರು. ಅಂಗಿಯ ಮೇಲಿನ ಜೇಬಿಗೆ ಹಾಕಿ, ಗುಂಡಿ ಹಚ್ಚಿ, ಮೇಲಿನಿಂದ ಒಮ್ಮೆ ಒತ್ತಿ ನೋಡಿಕೊಂಡರು.